ಮಳೆ ಹಿಡಿದ್ರೆ ಚೆಕ್ ಎಂಜಿನ್ ಲೈಟ್: ಸೆನ್ಸರ್ ಬದಲಿಸಿದ್ರೂ ಮತ್ತೆ ಬರ್ತಿದೆ

ಹೊಸನಗರದ ಕಡೆಯವ:
2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಲಕ್ಷ ಕಿಲೋಮೀಟರ್ ದಾಟಿದೆ. ಬೇಸಿಗೆಯಲ್ಲಿ ಏನೂ ತಕರಾರಿಲ್ಲ. ಮಳೆ ಹಿಡೀತು ಅಂದ್ರೆ ಮೀಟರಿನಲ್ಲಿ ಹಳದಿ ಎಂಜಿನ್ ಲೈಟು. ಲೈಟ್ ಇದ್ದಾಗ ಕೀ ತಿರುಗಿಸಿದ ಕೂಡ್ಲೆ ರೇಡಿಯೇಟರ್ ಫ್ಯಾನ್ ಶುರುವಾಗುತ್ತೆ, ಎಂಜಿನ್ ತಣ್ಣಗಿದ್ರೂ ಬಿಡಲ್ಲ. ಸೈಲೆನ್ಸರಿಂದ ಹಸಿ ಪೆಟ್ರೋಲ್ ವಾಸನೆ, ಏರಿನಲ್ಲಿ ಪಿಕಪ್ ಇಲ್ಲ. ಗ್ಯಾರೇಜಿನಲ್ಲಿ ಕೂಲಂಟ್ ಟೆಂಪರೇಚರ್ ಸೆನ್ಸರ್ ಹೊಸದು ಹಾಕಿ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಡೋ ದೋಷದ ನಂಬರ್) ಅಳಿಸಿದ್ರು. ಸ್ವಲ್ಪ ದಿನ ಸುಮ್ಮನಿತ್ತು, ದೊಡ್ಡ ಮಳೆ ಬಂದಾಗ ಮತ್ತೆ ಅದೇ ಕಥೆ. ಈಗ ಮೂರು ಕೋಡ್: ಪಿ0108 ಮ್ಯಾಪ್ ಸೆನ್ಸರಿಂದು (ಎಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ ಅಳೆಯೋದು), ಪಿ0113 ಆ ಗಾಳಿಯ ತಾಪಮಾನದ್ದು, ಪಿ0118 ಕೂಲಂಟಿಂದು. ಈ ಸಲ ಮ್ಯಾಪ್ ಸೆನ್ಸರ್ ಬದಲಿಸೋಣ ಅಂತಿದ್ದಾರೆ. ಹಾಕಿಸ್ಲಾ?

ಸಾಗರ ರೋಡ್:
ಬ್ಯಾಟರಿ ಮೈನಸ್ ಬಿಚ್ಚಿ ಅರ್ಧ ಗಂಟೆ ಬಿಡಿ. ನಂದು ಹಾಗೇ ಹೋಯ್ತು.

ತೀರ್ಥಹಳ್ಳಿ ವೈರಿಂಗ್:
ಲೈಟ್ ಹೋಗುತ್ತೆ ಮಾರಾಯ್ರೆ, ಕಾಯಿಲೆ ಹೋಗಲ್ಲ. ಕೋಡ್ ಸಮೇತ ಅಳಿಸಿ ಹೋದ್ರೆ ಹುಡುಕೋಕೆ ದಾರಿನೇ ಇರಲ್ಲ.

ಹೊಸನಗರದವರೇ, ಮೊದಲು ಇದು ಹೇಳಿ: ಲೈಟ್ ಒಂದೇ ಸಮ ಉರೀತಿದ್ಯಾ, ಮಿಣುಕ್ತಿದ್ಯಾ? ಮಿಣುಕಿದ್ರೆ ಮಿಸ್‌ಫೈರ್. ಸುಡದೆ ಉಳಿದ ಪೆಟ್ರೋಲ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಹಾಳು ಮಾಡುತ್ತೆ, ಹಾಗಿದ್ರೆ ಓಡಿಸ್ಬೇಡಿ. ಎರಡನೇದು, ಸೆನ್ಸರ್ ತಗೊಳ್ಳೋ ದುಡ್ಡಲ್ಲಿ ಒಂದು ಬ್ಲೂಟೂತ್ ಸ್ಕ್ಯಾನರ್ ತಗೊಳ್ಳಿ. 2013ರ ಏಪ್ರಿಲ್‌ನಿಂದ ಒಬಿಡಿ-2 (ಗಾಡಿ ತನ್ನ ದೋಷ ತಾನೇ ಗುರುತಿಸಿ ಸ್ಕ್ಯಾನರ್‌ಗೆ ಹೇಳೋ ವ್ಯವಸ್ಥೆ) ಕಡ್ಡಾಯ ಆಗಿದೆ, ಹಾಗಾಗಿ ನಿಮ್ಮ ಗಾಡಿಗೆ ಅಗ್ಗದ್ದೇ ಸಾಕು. ಲೈಟ್ ಇರೋವಾಗ ಲೈವ್ ಡೇಟಾ ತೆಗೆದು ಕೂಲಂಟ್, ಒಳಗೆ ಹೋಗೋ ಗಾಳಿಯ ತಾಪಮಾನ, ಮ್ಯಾಪ್, ಈ ಮೂರೂ ಎಷ್ಟು ತೋರಿಸ್ತವೆ ನೋಡಿ.

ಹೊಸನಗರದ ಕಡೆಯವ:
ಮಿಣುಕಲ್ಲ, ಒಂದೇ ಸಮ ಉರಿಯುತ್ತೆ. ಸ್ಕ್ಯಾನರ್ ಪಕ್ಕದ ಮನೆಯವರ ಹತ್ರ ಸಿಕ್ತು. ಕೂಲಂಟ್ ಮೈನಸ್ 40, ಗಾಳಿನೂ ಮೈನಸ್ 40! ಎಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಮ್ಯಾಪ್ 110ರ ಮೇಲೆ. ಸ್ಕ್ಯಾನರ್ರೇ ಹಾಳಾಗಿದ್ಯಾ ಅಂತ.

ತೀರ್ಥಹಳ್ಳಿ ವೈರಿಂಗ್:
ಸ್ಕ್ಯಾನರ್ ಸರಿ ಇದೆ. ಮ್ಯಾಪ್ ಸೆನ್ಸರ್ ತರಬೇಡಿ.

ಈ ತಾಪಮಾನದ ಸೆನ್ಸರ್‌ಗಳು ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿ ಮಾಡ್ತವೆ. ವೈರ್ ಎಲ್ಲೋ ಕಡಿದ್ರೆ ರೆಸಿಸ್ಟೆನ್ಸ್ ಮಿತಿ ಮೀರಿ ಹೋಗುತ್ತೆ, ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಅದನ್ನು ಭಯಂಕರ ಚಳಿ ಅಂತ ಓದುತ್ತೆ. ಮೈನಸ್ 40 ಅಂದ್ರೆ ಹವೆ ಅಲ್ಲ, ತುಂಡಾದ ಸರ್ಕ್ಯೂಟ್. ಚಳಿ ಅಂದ್ಕೊಂಡು ಪೆಟ್ರೋಲ್ ಸುರಿಯುತ್ತೆ, ಅದಕ್ಕೇ ವಾಸನೆ. ಕೂಲಂಟ್ ಲೆಕ್ಕ ನಂಬೋಕಾಗಲ್ಲ ಅಂತ ಗೊತ್ತಾಗಿ, ಎಂಜಿನ್ ಕಾಯಬಾರ್ದು ಅಂತ ಫ್ಯಾನ್ ಓಡಿಸಿಬಿಡುತ್ತೆ. ಮ್ಯಾಪ್ ಕಥೆನೂ ಅದೇ. ಕೀ ಆನ್, ಎಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡ ತೋರಿಸ್ಬೇಕು. ನಮ್ಮ ಶಿವಮೊಗ್ಗದ ಎತ್ತರಕ್ಕೆ 95 ಕಿಲೋಪಾಸ್ಕಲ್ ಆಸುಪಾಸು. 110 ಎಲ್ಲಿಂದ ಬರ್ಬೇಕು?

ಒಂದೇ ಓಣಿಯ ಮೂರು ಮನೆಗೆ ಒಟ್ಟಿಗೆ ಕರೆಂಟ್ ಹೋದ್ರೆ ಯಾರೂ ಬಲ್ಬ್ ಬದಲಿಸಲ್ಲ, ಕಂಬ ನೋಡ್ತಾರೆ. ಈ ಮೂರೂ ಸೆನ್ಸರ್‌ಗೆ ಸೆನ್ಸರ್ ಅರ್ತ್ ಅಂತ, ಕರೆಂಟ್ ಇಸಿಎಂಗೆ ವಾಪಸ್ ಹೋಗೋ ಒಂದೇ ಲೈನ್ ಇರುತ್ತೆ. ನನ್ನ ಅನುಮಾನ ಅದರ ಮೇಲೆ.

ಪರೀಕ್ಷೆ ಸುಲಭ. ಲೈಟ್ ಇರೋವಾಗಲೇ ಮಾಡಿ. ಕೂಲಂಟ್ ಸೆನ್ಸರಿನ ಕಪ್ಲರ್ (ವೈರ್ ಸೆನ್ಸರಿಗೆ ಸಿಕ್ಕಿಸೋ ಜೋಡಣೆ) ಬಿಚ್ಚಿ, ಕೀ ಆನ್. ಮಲ್ಟಿಮೀಟರಿನ ಕೆಂಪು ಕಡ್ಡಿ ಸಿಗ್ನಲ್ ಪಿನ್ನಿಗೆ, ಕಪ್ಪು ಬ್ಯಾಟರಿ ಮೈನಸ್‌ಗೆ. 5 ವೋಲ್ಟ್ ಹತ್ರ ಬಂದ್ರೆ ಇಸಿಎಂ ಕಡೆಯಿಂದ ಬರೋದು ಸರಿ ಇದೆ. ಈಗ ಕೆಂಪು ಅಲ್ಲೇ ಇರಲಿ, ಕಪ್ಪನ್ನು ಅದೇ ಕಪ್ಲರಿನ ಇನ್ನೊಂದು ಪಿನ್ನಿಗೆ ಇಡಿ. ಆಗಲೂ 5 ಬರ್ಬೇಕು. ಬರದಿದ್ರೆ ಅರ್ತ್ ಲೈನ್ ಕಡಿದಿದೆ. ವೈರಿಂಗ್ ಗಂಟನ್ನು ಅಲ್ಲಲ್ಲಿ ಅಲುಗಾಡಿಸಿ, ಎಲ್ಲಿ ಮುಟ್ಟಿದಾಗ ಮೀಟರ್ ಕುಣಿಯುತ್ತೋ ಅಲ್ಲಿ ಟೇಪ್ ಬಿಚ್ಚಿ.

ವೈರಿಗೆ ಗುಂಡುಸೂಜಿ ಚುಚ್ಚಿ ನೋಡೋ ಅಭ್ಯಾಸ ಬೇಡ. ಬಯಲುಸೀಮೆಯಲ್ಲಿ ನಡೀಬಹುದು, ಇಲ್ಲಿ ಆ ತೂತಿಂದಲೇ ನೀರಿಳಿದು ತಾಮ್ರ ಹಸಿರಾಗುತ್ತೆ.

ಕೊಪ್ಪ ಕಾಫಿ:
ಇಲಿ ನೋಡಿದ್ರಾ? ಕೊಟ್ಟಿಗೆ ಪಕ್ಕ, ಭತ್ತದ ಚೀಲ ಇರೋ ಕಡೆ ನಿಲ್ಲಿಸೋ ಗಾಡಿಗಳಿಗೆ ಮಳೆಗಾಲದಲ್ಲಿ ಇಲಿ ಕಾಟ ಇದ್ದದ್ದೇ. ಬೆಚ್ಚಗೆ ಅಂತ ಬಾನೆಟ್ ಒಳಗೆ ಸೇರ್ತವೆ. ರಾತ್ರಿ ಬಾನೆಟ್ ಎತ್ತಿ ಇಡೋದೊಂದೇ ನನಗೆ ಕೆಲಸ ಕೊಟ್ಟಿದ್ದು. ನುಸಿಗುಳಿಗೆ, ಹೊಗೆಸೊಪ್ಪು ಎಲ್ಲ ಮಾಡಿ ನೋಡಿದೀನಿ, ಅವಕ್ಕೆ ಲೆಕ್ಕವೇ ಇಲ್ಲ.

ಹೊಸನಗರದ ಕಡೆಯವ:
ಇಲಿ ಅಲ್ಲ. ಬ್ಯಾಟರಿ ಮೈನಸ್‌ಗೆ ಇಟ್ಟಾಗ 4.9, ಕಪ್ಲರ್ ಒಳಗೆ ಬರೀ 0.2. ಏರ್ ಫಿಲ್ಟರ್ ಡಬ್ಬಿ ಹಿಂದೆ ವೈರಿಂಗ್ ಬಾಗಿ ಕೆಳಗಿಳಿಯೋ ಜಾಗದಲ್ಲಿ ಮುಟ್ಟಿದ್ರೆ ಮೀಟರ್ ಜಿಗೀತಿತ್ತು. ಟೇಪ್ ಬಿಚ್ಚಿದ್ರೆ ಒಳಗೆ ನೀರು, ಎಲ್ಲಾ ಅರ್ತ್ ವೈರ್ ಕೂಡೋ ಜಾಯಿಂಟು ಹಸಿರು ಪುಡಿ. ಅದನ್ನು ಹತ್ತಿರದ ಬಾಡಿ ಬೋಲ್ಟಿಗೇ ಕಟ್ಟಿಬಿಡ್ಲಾ?

ತೀರ್ಥಹಳ್ಳಿ ವೈರಿಂಗ್:
ಬಾಡಿಗೆ ಬೇಡ. ಇಗ್ನಿಷನ್, ಆಲ್ಟರ್ನೇಟರ್ ಗಲಾಟೆ ಸೆನ್ಸರ್‌ಗೆ ತಾಗಬಾರ್ದು ಅಂತಲೇ ಆ ಲೈನ್ ಬೇರೆ ಇಟ್ಟಿರೋದು. ಹೊಳೆಯೋ ತಾಮ್ರ ಸಿಗೋವರೆಗೆ ಕತ್ತರಿಸಿ, ಗಿಡ್ಡ ಆದ್ರೆ ಅದೇ ದಪ್ಪದ ವೈರ್ ಸೇರಿಸಿ, ಬೆಸುಗೆ ಹಾಕಿ, ಒಳಗೆ ಗೋಂದು ಇರೋ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರೀ ಇನ್ಸುಲೇಶನ್ ಟೇಪ್ ಸುತ್ತಿದ್ರೆ ಮುಂದಿನ ಆಷಾಢಕ್ಕೆ ಮತ್ತೆ ಇಲ್ಲಿಗೇ ಬರ್ತೀರಿ. ಜಾಯಿಂಟನ್ನು ಬಾಗಿನ ತಳದಿಂದ ಮೇಲಕ್ಕೆ ಸರಿಸಿ ಕಟ್ಟಿ.

ಹೊಸನಗರದ ಕಡೆಯವ:
ಆಯ್ತು. ಬೆಳಿಗ್ಗೆ ತಣ್ಣನೆ ಎಂಜಿನ್‌ನಲ್ಲಿ ಕೂಲಂಟ್ 23, ಗಾಳಿ 23, ಮ್ಯಾಪ್ 95. ಫ್ಯಾನ್ ಸುಮ್ಮನಿದೆ. ಆದ್ರೆ ಲೈಟ್ ಇನ್ನೂ ಆರಿಲ್ಲ.

ತೀರ್ಥಹಳ್ಳಿ ವೈರಿಂಗ್:
ಎರಡೂ 23 ಅಂದ್ರೆ ಸರಿಯಾಗಿದೆ, ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಸತತ ಮೂರು ಡ್ರೈವ್ ಸೈಕಲ್ (ಗಾಡಿ ಸ್ಟಾರ್ಟ್ ಮಾಡಿ ಓಡಿಸಿ ಆಫ್ ಮಾಡೋದು ಒಂದು ಸೈಕಲ್) ದೋಷ ಕಾಣದಿದ್ರೆ ಲೈಟ್ ತಾನಾಗೇ ಆರುತ್ತೆ. ಈಗ ಬೇಕಾದ್ರೆ ಸ್ಕ್ಯಾನರಿನಲ್ಲೂ ಅಳಿಸಬಹುದು, ಇನ್ನು ಅದಕ್ಕೆ ಅಡ್ಡಿ ಇಲ್ಲ. ಆದ್ರೆ ಇಷ್ಟು ದಿನ ಪೆಟ್ರೋಲ್ ಜಾಸ್ತಿ ಕುಡಿದ ಎಂಜಿನ್ ಅದು. ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್ ಪೆಟ್ರೋಲ್ ವಾಸನೆ ಹೊಡೀತಿದ್ರೆ ಅಥವಾ ಮಟ್ಟ ಏರಿದ್ರೆ ಘಾಟಿ ಹತ್ತೋ ಮೊದ್ಲು ಆಯಿಲ್, ಫಿಲ್ಟರ್ ಬದಲಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ಇದ್ರೆ ಒರೆಸಿ. ಗ್ಯಾರೇಜಿನವರು ತೆಗೆದ ಹಳೇ ಕೂಲಂಟ್ ಸೆನ್ಸರ್ ಇದ್ರೆ ಇಸ್ಕೊಂಡು ಇಟ್ಕೊಳ್ಳಿ, ಅದು ಚೆನ್ನಾಗೇ ಇರಬೇಕು.