‘ಧ್ವನಿಮುದ್ರಣ’ ಎನ್ನಬಹುದೇ? ಜೊತೆಗೆ ‘ಹಚ್ಚು’ ಕುರಿತು

ಬಲ್ಲವರಲ್ಲಿ ಒಂದು ವಿಚಾರಣೆ.

ಧಾರವಾಡದಲ್ಲಿ ಮಕ್ಕಳಿಗಾಗಿ ರಸಪ್ರಶ್ನೆ ಸಿದ್ಧಪಡಿಸುತ್ತಿದ್ದೇವೆ. ‘ಜಗತ್ತಿನ ಮೊದಲ ಧ್ವನಿಮುದ್ರಣ ಯಾರದು?’ ಎಂಬುದಕ್ಕೆ ಸಿದ್ಧ ಉತ್ತರ ಎಡಿಸನ್, 1877. ಆದರೆ ಅದಕ್ಕೂ 17 ವರ್ಷ ಮೊದಲು, 1860ರ ಏಪ್ರಿಲ್‌ನಲ್ಲಿ, ಪ್ಯಾರಿಸ್ಸಿನ ಎದುವಾರ್ ಲಿಯೋನ್ ಸ್ಕಾಟ್ ಒಂದು ಹಾಡಿನ ತುಣುಕನ್ನು ಕಾಗದಕ್ಕಿಳಿಸಿದ್ದ. ದನಿಗೆ ನಡುಗುವ ಪೊರೆ, ಅದಕ್ಕೆ ಸಿಕ್ಕಿಸಿದ ಬಿರುಗೂದಲು, ದೀಪದ ಮಸಿ ಹಿಡಿಸಿದ ಕಾಗದದ ಮೇಲೆ ಆ ಕೂದಲು ಗೀಚುತ್ತ ಹೋಗುವ ಅಲೆಗೆರೆ. ಮರಳಿ ನುಡಿಸುವ ಯೋಚನೆ ಆತನಿಗಿರಲಿಲ್ಲ. ದನಿಯನ್ನು ಕಣ್ಣಿನಿಂದ ಓದಬೇಕೆಂಬುದು ಆತನ ಹಂಬಲ. ಕಂಪ್ಯೂಟರಿನ ನೆರವಿನಿಂದ ಆ ಗೆರೆಗಳು ಹಾಡಿದ್ದು 2008ರಲ್ಲಿ! ಆಗ ಅದನ್ನು ಹುಡುಗಿಯ ಕಂಠ ಎಂದುಕೊಂಡರು. ವೇಗ ಇಮ್ಮಡಿಯಾಗಿತ್ತೆಂದು ಆಮೇಲೆ ತಿಳಿಯಿತು. ಸರಿಪಡಿಸಿದಾಗ ಗಂಡುದನಿ, ಬಹುಶಃ ಸ್ಕಾಟನದೇ.

ಇದು ಧ್ವನಿಮುದ್ರಣವೇ? ಸ್ಕಾಟನ ಕಸುಬು ಮುದ್ರಣವೇ ಆಗಿತ್ತು ಎಂಬುದು ತಮಾಷೆ. ಆದರೂ ಕನ್ನಡದಲ್ಲಿ ಆ ಪದ ಮತ್ತೆ ಕೇಳುವುದನ್ನೂ ಒಳಗೊಂಡೇ ಬಳಕೆಯಾಗಿದೆ. ಸ್ಕಾಟನದಕ್ಕೆ ‘ಧ್ವನಿಲೇಖನ’, ಎಡಿಸನ್ನನದಕ್ಕೆ ‘ಧ್ವನಿಮುದ್ರಣ’ ಎಂದರೆ ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಮೊದಲಿಗರಾಗುತ್ತಾರೆ. ಗೆಳೆಯರೊಬ್ಬರು ‘ದನಿಗೆರೆ’ ಸೂಚಿಸಿದರು. ಚೆಂದವಿದೆ, ಆದರೆ ಅದು ಗೆರೆಯ ಹೆಸರಾಯಿತೇ ಹೊರತು ಕ್ರಿಯೆಯದಲ್ಲ. ಹಳೆಯ ಬಳಕೆ ಯಾವುದಾದರೂ ಇದೆಯೇ?

(ಭಾರತದ ಮೊದಲ ಗ್ರಾಮಫೋನ್ ಗಾಯಕಿ ಗೌಹರ್ ಜಾನ್ ಎಂಬ ಉತ್ತರವನ್ನೂ ಕೈಬಿಟ್ಟಿದ್ದೇವೆ. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಆಕೆಗಿಂತ ಕೆಲವೇ ದಿನ ಮೊದಲು ಸೋಶಿಮುಖಿ, ಫಣಿಬಾಲಾ ಎಂಬ ರಂಗಭೂಮಿಯ ಹುಡುಗಿಯರು ಹಾಡಿದ್ದರು. ಇಲ್ಲಿ ಪದದ ತೊಡಕಿಲ್ಲ. ಹೆಸರಾದವರಿಗೆ ಮೊದಲ ಮಣೆ, ಅಷ್ಟೇ.)

ಇನ್ನೊಂದು ಸಂದೇಹ. ಹುಬ್ಬಳ್ಳಿ-ಧಾರವಾಡದವರು ರೇಡಿಯೋ ‘ಹಚ್ಚು’ತ್ತೇವೆ, ಬೆಂಗಳೂರಿನವರು ‘ಹಾಕು’ತ್ತಾರೆ. ನಮ್ಮ ‘ಹಚ್ಚು’ ದೀಪ ಹಚ್ಚುವುದರಿಂದ ಬಂದಿತೇ, ಅಥವಾ ‘ಕೆಲಸಕ್ಕೆ ಹಚ್ಚು’, ‘ಸಾಲಿಗೆ (ಶಾಲೆಗೆ) ಹಚ್ಚು’ ಎನ್ನುವಾಗಿನ ‘ತೊಡಗಿಸು’ ಎಂಬ ಅರ್ಥದಿಂದಲೇ? ನನ್ನ ಒಲವು ಎರಡನೆಯದರತ್ತ. ಗ್ರಾಮಫೋನಿಗೂ ಇದೇ ಕ್ರಿಯಾಪದ ಬಳಕೆಯಲ್ಲಿದ್ದರೆ ದೀಪದ ವಾದ ಸಡಿಲವಾಗುತ್ತದೆ, ಏಕೆಂದರೆ ಕೀಲಿ ಕೊಟ್ಟು ತಿರುಗಿಸುವ ಯಂತ್ರದಲ್ಲಿ ಹೊತ್ತಿಸುವಂಥದ್ದೇನೂ ಇಲ್ಲ. ಗದಗ, ಹಾವೇರಿ ಕಡೆಯ ಹಿರಿಯರು ‘ಪ್ಲೇಟು ಹಚ್ಚು’ ಎನ್ನುತ್ತಿದ್ದರೇ, ‘ಹಾಕು’ ಎನ್ನುತ್ತಿದ್ದರೇ? ಕೇಳಿ ಬಲ್ಲವರು ಊರಿನ ಹೆಸರಿನೊಂದಿಗೆ ತಿಳಿಸಬೇಕು.