ಸಿಂಟರ್ಡ್ ಸ್ಟೋನ್ ಅಡುಗೆ ಕಟ್ಟೆಯ ಮೇಲೆ ಬೂದು ಗೆರೆ: ಬಿರುಕೋ, ಕಲೆಯೋ?

ಪ್ರಶ್ನೆ (ನವನಗರ, ಬಾಗಲಕೋಟೆ)
ಎಂಟು ತಿಂಗಳ ಹಿಂದೆ ಹಳೆಯ ಕಡಪ ಕಲ್ಲು ತೆಗೆಸಿ, 12 ಮಿ.ಮೀ. ದಪ್ಪದ ಬಿಳಿ ಸಿಂಟರ್ಡ್ ಸ್ಟೋನ್ (ಕಾರ್ಖಾನೆಯಲ್ಲಿ ಸುಟ್ಟು ಮಾಡಿದ ಕಲ್ಲಿನ ಹಲಗೆ) ಹಾಕಿಸಿದೆವು. ಹೊಳಪಿಲ್ಲದ ಮ್ಯಾಟ್ ಮೈ. ಈಗ ಸಿಂಕ್ ಪಕ್ಕದಲ್ಲಿ ಪೆನ್ಸಿಲಿನಿಂದ ಗೀಚಿದಂತೆ ಬೂದು ಗೆರೆಗಳು ಬಿದ್ದಿವೆ. ನಲ್ಲಿಯ ಬುಡದಲ್ಲಿ ಬಿಳಿ ಪೊರೆ ಕಟ್ಟಿದೆ. ನಮ್ಮದು ಕೊಳವೆ ಬಾವಿಯ ನೀರು. ರೊಟ್ಟಿ ಬಡಿಯುವ ಜಾಗದಲ್ಲಿ ಅರಿಸಿನದ ಕಲೆ, ಅಡುಗೆ ಸೋಡಾ ಹಾಕಿ ಉಜ್ಜಿದರೆ ಕೆಂಪಾಯಿತು. ಗೌಂಡಿ ಬಂದು ನೋಡಿ, ಕಲ್ಲು ಬಿರಿದಿದೆ, ಬದಲಾಯಿಸಿ ಎನ್ನುತ್ತಿದ್ದಾನೆ. ವರ್ಷಗಟ್ಟಲೆ ಕೂಡಿಟ್ಟ ಹಣ ಸುರಿದು ಮಾಡಿಸಿದ ಕಟ್ಟೆ. ತೆಗೆಸಲೇಬೇಕೇ?

ಉತ್ತರ (ಬೆಳಗಾವಿ, ಕಲ್ಲು ಕೊಯ್ದು ಕೂರಿಸುವ ಕೆಲಸ)
ಅಕ್ಕಾ, ತೆಗೆಸುವ ಮಾತು ಈಗಲೇ ಬೇಡ. ಮೊದಲು ಗೆರೆಗಳ ಮೇಲೆ ನೀರು ಸವರಿ ಒರೆಸಿ. ಬಿರುಕಾಗಿದ್ದರೆ ನೀರು ಒಳಗೆ ಹಿಡಿದು, ಸುತ್ತಲಿನ ಜಾಗ ಒಣಗಿದ ಮೇಲೂ ಆ ಗೆರೆ ಕಪ್ಪಾಗಿ ಉಳಿಯುತ್ತದೆ. ಹಾಗೆ ಉಳಿಯದಿದ್ದರೆ ಅದು ಸ್ಟೀಲ್ ಪಾತ್ರೆಯ ಗುರುತು. ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಸಿಲಿಕಾಗಳನ್ನು ಭಾರೀ ಒತ್ತಡದಲ್ಲಿ ಅದುಮಿ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಹಲಗೆ ಇದು, ಪಾತ್ರೆಯ ಸ್ಟೀಲಿಗಿಂತ ಗಟ್ಟಿ. ಉಜ್ಜಿದಾಗ ಸವೆಯುವುದು ಪಾತ್ರೆಯ ತಳ. ಅದರ ಲೋಹ ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ನುಣುಪಾದ ಕ್ರೀಮ್ ಕ್ಲೀನರ್ ಅನ್ನು ಮೆತ್ತನೆಯ ಸ್ಪಂಜಿಗೆ ಹಾಕಿ ತಿಕ್ಕಿ ತೊಳೆಯಿರಿ. ಹೊಳಪಿನ ಕಲ್ಲಾಗಿದ್ದರೆ ಇದನ್ನು ಹೇಳುತ್ತಿರಲಿಲ್ಲ, ಮೆರುಗು ಹೋಗುತ್ತದೆ. ಎರಡಕ್ಕೂ ಉಕ್ಕಿನ ನಾರು ಬೇಡ.

ಉತ್ತರ (ವಿಜಯಪುರ)
ನಮ್ಮ ಮನೆಯಲ್ಲೂ ಇದೇ ಬಿಳಿ ಪೊರೆ. ಅದು ಗಡಸು ನೀರಿನ ಸುಣ್ಣ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಕಾಲು ಗಂಟೆ ಹೊದಿಸಿಡಿ, ಕರಗಿ ಬರುತ್ತದೆ. ನೆಲ ಶಹಾಬಾದ್ ಕಲ್ಲಿನದಾದರೆ ಒಂದು ಹನಿಯೂ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಅದು ಸುಣ್ಣದ ಕಲ್ಲು, ಹುಳಿ ತಾಗಿದಲ್ಲಿ ಮೈ ಸುಟ್ಟಂತಾಗುತ್ತದೆ. ಸೋಡಾಕ್ಕೆ ಅರಿಸಿನ ಕೆಂಪಾದದ್ದು, ಸುಣ್ಣ ಬೆರೆಸಿದಾಗ ಅರಿಸಿನ ಕುಂಕುಮವಾಗುವಂತೆಯೇ. ಹೆದರಬೇಡಿ, ಕಲ್ಲು ಕೆಟ್ಟಿಲ್ಲ. ನೀರು ಬೆರೆಸಿದ ಬ್ಲೀಚ್ ಸವರಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆದರೆ ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಒಂದೇ ದಿನ ಕೈಗೆತ್ತಿಕೊಳ್ಳಲೇಬೇಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ.

ಪ್ರಶ್ನೆ ಕೇಳಿದವರು
ಸಿಂಕ್ ಬಳಿಯ ಗೆರೆಗಳೆಲ್ಲ ಹೋದವು! ಪೊರೆಯೂ ಹೋಯಿತು, ಅರಿಸಿನ ತಿಳಿಯಾಗಿದೆ. ಒಂದು ಗೆರೆ ಮಾತ್ರ ಜಗ್ಗಲಿಲ್ಲ. ಗ್ಯಾಸ್ ಒಲೆ ಕೂರಿಸಲು ಕೊಯ್ದ ಜಾಗದ ಮೂಲೆಯಿಂದ ಓರೆಯಾಗಿ ಎರಡು ಬೆರಳುದ್ದ ಇದೆ. ನೀರು ಸವರಿದರೆ ಕಪ್ಪಾಗಿಯೇ ಉಳಿಯುತ್ತದೆ. ಒಲೆಯ ಪಕ್ಕದಲ್ಲೇ ಕಲ್ಲಿನ ಒರಳಿಟ್ಟು ಶೇಂಗಾ ಚಟ್ನಿ ಕುಟ್ಟುತ್ತೇನೆ.

ಉತ್ತರ (ಬೆಳಗಾವಿ)
ಅದು ಬಿರುಕೇ, ಅಕ್ಕಾ. ಮೂಲೆಯನ್ನು ನೇರ ಚೌಕಾಗಿ ಕೊಯ್ದಿದ್ದಾರೆಯೇ ನೋಡಿ. ಹಾಗೆ ಕೊಯ್ದರೆ ಒತ್ತಡವೆಲ್ಲ ಆ ಒಂದು ಬಿಂದುವಿಗೆ ಬರುತ್ತದೆ, ಒರಳಿನ ಪೆಟ್ಟು ಉಳಿದದ್ದನ್ನು ಮಾಡುತ್ತದೆ. ಕೊಯ್ಯುವವನು ಮೂಲೆಯನ್ನು ದುಂಡಗೆ ಬಿಡಬೇಕಿತ್ತು. ನಿಮ್ಮ ತಪ್ಪಿಗಿಂತ ಅದೇ ದೊಡ್ಡದು. ರೊಟ್ಟಿ ಬಡಿಯುವುದರಿಂದ ಏನೂ ಆಗದು, ಅಂಗೈಯ ಪೆಟ್ಟು ಲೆಕ್ಕಕ್ಕಿಲ್ಲ. ಒರಳನ್ನು ಇಂದೇ ನೆಲಕ್ಕಿಳಿಸಿ. ಕಾದ ಹಂಚನ್ನೂ ಆ ಮೂಲೆಯಲ್ಲಿ ಇಡಬೇಡಿ. ಕಲ್ಲಿಗೆ ಬಿಸಿ ತಡೆಯುವ ಶಕ್ತಿ ಇದ್ದರೂ ಬಿರಿದ ಜಾಗದಲ್ಲಿ ಒಮ್ಮೆಲೇ ಬಿಸಿ ತಾಗಿದರೆ ಬಿರುಕು ಓಡುತ್ತದೆ. ಕೆಳಗಿನಿಂದ ಕೈಯಾಡಿಸಿ, ಹಲಗೆಯ ಅಡಿ ಎಲ್ಲೆಲ್ಲಿ ಟೊಳ್ಳಿದೆಯೋ ಅಲ್ಲಿ ಆಸರೆ ಕೊಡಿಸಿ. ಬಣ್ಣ ಹೊಂದಿಸಿದ ಎಪಾಕ್ಸಿ ಅಂಟು ತುಂಬಿದರೆ ನೀರು, ಜಿಡ್ಡು ಒಳಗಿಳಿಯುವುದಿಲ್ಲ, ಆದರೆ ಬಲ ಬರುವುದಿಲ್ಲ. ಗೆರೆಯ ತುದಿಗೆ ಪೆನ್ಸಿಲ್ ಗುರುತು ಹಾಕಿ, ತಿಂಗಳಿಗೊಮ್ಮೆ ನೋಡಿ. ಬೆಳೆದರೆ ಆಗ ಹಲಗೆ ಬದಲಿಸೋಣ.

ಪ್ರಶ್ನೆ ಕೇಳಿದವರು
ಮೂಲೆ ಚೌಕವಾಗಿಯೇ ಇದೆ, ಕನ್ನಡಿ ಹಿಡಿದು ನೋಡಿದೆ. ಇಳಕಲ್ಲಿನಲ್ಲಿ ತಮ್ಮ ಮನೆ ಕಟ್ಟಿಸುತ್ತಿದ್ದಾನೆ, ಅವನೂ ಇದನ್ನೇ ಹಾಕಿಸಬೇಕೆಂದಿದ್ದ.

ಉತ್ತರ (ಬೆಳಗಾವಿ)
ಊರಿನ ಕೆಂಪು ಗ್ರಾನೈಟ್ ಕಾಲಬುಡದಲ್ಲೇ ಇರುವಾಗ, ಕುಟ್ಟುವ, ಜಜ್ಜುವ ಕಡೆ ಅದನ್ನೇ ಹಾಕಿಸಲಿ. ಉಳಿದ ಕಡೆ ಸಿಂಟರ್ಡ್ ಸ್ಟೋನ್ ಬೇಕೆಂದರೆ 20 ಮಿ.ಮೀ. ದಪ್ಪದ್ದು ಕೇಳಲಿ, ಕೊಯ್ಯುವ ದಿನ ತಾನೇ ಮುಂದೆ ನಿಂತು ಮೂಲೆ ದುಂಡಗೆ ಮಾಡಿಸಲಿ.