ಇರೋ ಬಟ್ಟೆಗಳನ್ನೇ ಒಂದರ ಮೇಲೊಂದು ಹಾಕಿ ಹೊಂದಿಸೋದು: ಅನುಭವ ಇದ್ದವರು ಹೇಳಿ

ಕೇಳಿದವರು, ತುಮಕೂರು: ದಿನಾ ತುಮಕೂರಿನಿಂದ ಯಶವಂತಪುರಕ್ಕೆ ಟ್ರೈನ್. ಬೆಳಿಗ್ಗೆ ಪ್ಲಾಟ್‌ಫಾರ್ಮ್‌ನಲ್ಲಿ ನಡುಕ, ಮಧ್ಯಾಹ್ನ ಊಟಕ್ಕೆ ಹೊರಗೆ ಬಂದರೆ ಬೆವರು. ಮನೆ ಸಾಲ ಇದೆ, ಹೊಸದು ಕೊಳ್ಳೋ ಹಾಗಿಲ್ಲ. ಇರೋದು ಕಾಟನ್ ಕುರ್ತಾಗಳು, ಯಜಮಾನರ ಎರಡು ಚೆಕ್ಸ್ ಶರ್ಟ್, ಒಂದು ಜೀನ್ಸ್ ಜರ್ಕಿನ್, ರಾಶಿ ವೇಲ್‌ಗಳು. ಎಲ್ಲಾ ಹಾಕಿದರೆ ಮೂಟೆ ಕಟ್ಟಿದ ಹಾಗೆ ಕಾಣುತ್ತೇನೆ. ಏನು ಮಾಡಲಿ?

ಶಿರಾಗೇಟ್ ಅಕ್ಕ: ನಾನು ಅಮ್ಮನ ಹಳೇ ರೇಷ್ಮೆ ಸೀರೆಯಲ್ಲಿ ಗುಂಡಿ ಇಲ್ಲದ ಉದ್ದನೆಯ ಕೋಟು ಹೊಲಿಸಿದೆ. ಸಾದಾ ಕುರ್ತಾ ಮೇಲೆ ಹಾಕಿದರೆ ಮದುವೆಗೂ ಆಗುತ್ತೆ, ಆಫೀಸಿಗೂ ಆಗುತ್ತೆ. ಆದರೆ ಪಟ್ಟ ಪಾಡು ಕೇಳಿ. ಹೊಲಿಗೆ 700 ರೂಪಾಯಿ. ಲೈನಿಂಗ್ ಬಟ್ಟೆ 270. ಟೈಲರ್ ಬ್ಲೌಸ್ ಅಳತೆಯಲ್ಲೇ ಕಂಕುಳು ಕತ್ತರಿಸಿಬಿಟ್ಟಿದ್ದ. ಒಳಗೆ ಕುರ್ತಾ ತೋಳು ಇರುತ್ತೆ, ಒಂದು ಇಂಚಾದರೂ ಜಾಸ್ತಿ ಬಿಡಪ್ಪಾ ಅಂತ ಮೊದಲೇ ಹೇಳಿದ್ದೆ. ಕೈ ಮೇಲೆತ್ತೋಕೆ ಆಗಲಿಲ್ಲ! ಬಿಚ್ಚಿ ಹೊಲಿಯೋಕೆ ಮತ್ತೆ 150 ತಗೊಂಡ, ಅವನ ತಪ್ಪಿಗೆ ನನ್ನ ದುಡ್ಡು. ಇಷ್ಟೆಲ್ಲಾ ಆದ ಮೇಲೆ ಬೆನ್ನಿನ ಹತ್ತಿರ ಜರಿ ಸೀಳಿತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ಸೀರೆ ಆ ಗೆರೆಯಲ್ಲೇ ಹರಿಯುತ್ತೆ. ಅಲ್ಲಿಗೊಂದು ಅಂಚಿನ ಪಟ್ಟಿ ಕೂರಿಸಿದೆ. ಈಗ ಅದನ್ನೇ ಎಲ್ಲರೂ ಡಿಸೈನ್ ಅಂದುಕೊಂಡು, ಎಲ್ಲಿ ತಗೊಂಡ್ರಿ ಅಂತ ಕೇಳುತ್ತಾರೆ.

ಬಂಗಾರಪೇಟೆ ಮಂತ್ಲಿ ಪಾಸ್: ಅಕ್ಕಾ, 1120 ರೂಪಾಯಿ ಕೊಟ್ಟು ಅದನ್ನ ಇರೋ ಬಟ್ಟೆ ಅಂತೀರಲ್ಲ! ನನ್ನದು ಖರ್ಚಿಲ್ಲದ ಲೆಕ್ಕ. ಬನಿಯನ್, ಮೇಲೆ ತೆಳು ಶರ್ಟ್, ಅದರ ಮೇಲೆ ತೋಳಿಲ್ಲದ ಸ್ವೆಟರ್, ಎಲ್ಲದರ ಮೇಲೆ ಗುಂಡಿ ಬಿಚ್ಚಿದ ಹಳೇ ಫುಲ್ ಶರ್ಟ್. ಸ್ಟೇಷನ್‌ವರೆಗೆ ಬೈಕಲ್ಲಿ ಹೋಗುವಾಗ ಎದೆಗೆ ಪೇಪರ್ ಒಂದು ಮಡಿಕೆ. ಗಾಳಿ ಒಳಗೆ ನುಗ್ಗಲ್ಲ. ವೈಟ್‌ಫೀಲ್ಡ್ ಬರೋಷ್ಟರಲ್ಲಿ ಒಂದೊಂದೇ ಬಿಚ್ಚಿ ಬ್ಯಾಗಿಗೆ.
ಆ ಸ್ವೆಟರ್ ಅಮ್ಮ ಹೆಣೆದದ್ದು. ಒಂದು ಲಾಂಡ್ರಿಯವರು ಬಿಸಿ ನೀರಿಗೆ ಹಾಕಿ ಮಷೀನಲ್ಲಿ ತಿರುಗಿಸಿಬಿಟ್ಟರು. ಉಣ್ಣೆ ಬಿಗಿದುಕೊಂಡು ಮಗುವಿನ ಸೈಜ್ ಆಯಿತು. ಕೇಳಿದರೆ ರಸೀದಿ ಹಿಂದಿನ ಸಣ್ಣ ಅಕ್ಷರ ತೋರಿಸಿ 200 ರೂಪಾಯಿ ಕೈಗಿಟ್ಟರು. ಉಣ್ಣೆಗೇ ಅದಕ್ಕಿಂತ ಜಾಸ್ತಿ ಆಗಿತ್ತು. ಅಮ್ಮನ ಕಣ್ಣು ಈಗ ಸೂಜಿ ಹಿಡಿಯೋ ಹಾಗಿಲ್ಲ. ಈಗ ಹಾಕ್ತಿರೋದು ಸಂತೆಯದ್ದು. ಬಿಡಿ.

ಶಿರಾಗೇಟ್ ಅಕ್ಕ: ಪೇಪರ್ ತುಂಬಿಕೊಂಡು ಹೋಗೋರು ಸ್ಟೈಲ್ ಬಗ್ಗೆ ಹೇಳ್ತಾ ಇದ್ದೀರಾ? ಸರಿ ಸರಿ.

ಶಿಡ್ಲಘಟ್ಟ ರೀಲರ್: ರೇಷ್ಮೆ ಸೀರೆ ಕತ್ತರಿಸೋದು ಅಂದ್ರೆ ನಮಗೆ ಹೊಟ್ಟೆ ಉರಿಯುತ್ತೆ ಮೇಡಂ. ನಮ್ಮದು ಗೂಡಿನಿಂದ ನೂಲು ತೆಗೆಯೋ ಮನೆ. ಕುದಿಯೋ ನೀರಿಗೆ ಕೈ ಹಾಕಿ ಎಳೆ ಹಿಡೀತಾರೆ ನಮ್ಮ ಹೆಂಗಸರು. ಒಂದು ಸೀರೆಗೆ ಸಾವಿರಾರು ಗೂಡು ಬೇಕು. ಮಾರ್ಕೆಟ್‌ನಲ್ಲಿ ಗೂಡಿನ ರೇಟು ಏರಿದರೆ ನಮಗೆ ನಷ್ಟ, ಇಳಿದರೆ ರೈತನಿಗೆ ನಷ್ಟ. ನೀವು ಅದಕ್ಕೆ ಕತ್ತರಿ ಹಾಕಿ ಕೋಟು ಅಂತೀರಿ.

ಶಿರಾಗೇಟ್ ಅಕ್ಕ: ಬೀರುವಿನಲ್ಲಿ ಇಟ್ಟಿದ್ದರೆ ಪೂರ್ತಿ ಹರಿದು ಹೋಗ್ತಿತ್ತು. ನಮ್ಮಮ್ಮನ ಸೀರೆ, ನನ್ನ ದುಡ್ಡು. ನಿಮ್ಮ ಹೊಟ್ಟೆಗೆ ಮಜ್ಜಿಗೆ ಕುಡೀರಿ.

ಚಿಕ್ಕಬಳ್ಳಾಪುರ ಟೀಚರ್: ಜಗಳ ಆಮೇಲೆ ಆಡಿ. ನಾನು ಇದರಲ್ಲಿ ಪಳಗಿದ್ದೇನೆ, ಸ್ಟಾಫ್ ರೂಮಲ್ಲಿ ಎಲ್ಲರೂ ನನ್ನನ್ನೇ ಕೇಳೋದು. ಮೈಗೆ ತಾಗೋದು ತೆಳು ಇರಬೇಕು, ದಪ್ಪದ್ದು ಹೊರಗೆ. ಮೇಲಿನದು ಒಂದೋ ಸೊಂಟಕ್ಕೆ ನಿಲ್ಲಬೇಕು, ಇಲ್ಲಾ ಕುರ್ತಾಗಿಂತ ಉದ್ದ ಇರಬೇಕು. ತೊಡೆಯ ಮಧ್ಯಕ್ಕೆ ಬಂದು ನಿಂತರೆ ಎಂಥ ಸಣಕಲು ಮೈಯೂ ದಪ್ಪ ಕಾಣುತ್ತೆ. ಒಂದು ಮಾತ್ರ ಡಿಸೈನ್ ಇರಲಿ, ಉಳಿದದ್ದು ಸಾದಾ. ಬೆವರಿದ ಕಾಟನ್ ಬೇಗ ಒಣಗಲ್ಲ. ಸಂಜೆ ಚಳಿಗೆ ಅದೇ ಒದ್ದೆ ಮೈಗೆ ಕೊರೆಯುತ್ತೆ. ಅದಕ್ಕೆ ಬ್ಯಾಗಲ್ಲಿ ಇನ್ನೊಂದು ಒಳ ಶರ್ಟ್ ಇಟ್ಟಿರುತ್ತೇನೆ. ರೇಯಾನ್ ಟಾಪ್ ನಂಬಬೇಡಿ. 450 ಕೊಟ್ಟದ್ದು ಮೊದಲ ಒಗೆತಕ್ಕೇ ಕುಗ್ಗಿ, ಒಳಗಿನದು ಕೆಳಗೆ ಇಣುಕೋಕೆ ಶುರು. ಅಂಗಡಿಯವನು ವಾಪಸ್ ತಗೊಳ್ಳಲೇ ಇಲ್ಲ. ಬಿಲ್ ಇನ್ನೂ ಇಟ್ಟುಕೊಂಡಿದ್ದೇನೆ.
ಅಂದಹಾಗೆ ತುಮಕೂರಲ್ಲಿ ಎಂಥ ಚಳಿ ರೀ? ನಂದಿ ಬೆಟ್ಟ 1478 ಮೀಟರ್ ಎತ್ತರ, ಅದರ ಬುಡದಲ್ಲಿ ಇದ್ದೀವಿ ನಾವು. ಮಾರ್ಗಶಿರದಲ್ಲಿ ಬಂದು ನೋಡಿ.

ಬಂಗಾರಪೇಟೆ ಮಂತ್ಲಿ ಪಾಸ್: ಬೆಟ್ಟದ ಮೇಲೆ ಮಲಗ್ತೀರಾ ಮೇಡಂ? ಚಳಿ ಅಂದ್ರೆ ನಮ್ಮ ಕೋಲಾರದ ಬಯಲು ಗಾಳಿ.

ಶಿಡ್ಲಘಟ್ಟ ರೀಲರ್: ಕೋಲಾರದವರಿಗೆ ಎಲ್ಲದರಲ್ಲೂ ಮೊದಲ ಸ್ಥಾನ ಬೇಕು.

ಬಂಗಾರಪೇಟೆ ಮಂತ್ಲಿ ಪಾಸ್: 2007ರವರೆಗೆ ನೀವೂ ಕೋಲಾರ ಜಿಲ್ಲೆಯವರೇ ಅಲ್ವಾ ಅಣ್ಣಾ? ಆಗ ಚಳಿ ಬೇರೆ ಇತ್ತಾ?

ಕೇಳಿದವರು, ತುಮಕೂರು: ಚೆಕ್ಸ್ ಶರ್ಟ್ ಬಗ್ಗೆ ಯಾರೂ ಹೇಳಲೇ ಇಲ್ಲ...

ಚಿಕ್ಕಬಳ್ಳಾಪುರ ಟೀಚರ್: ಸಾದಾ ಕುರ್ತಾ ಮೇಲೆ ಗುಂಡಿ ಬಿಚ್ಚಿ ಹಾಕಿ, ತೋಳು ಮೊಣಕೈವರೆಗೆ ಮಡಚಿ. ಹೊರಗೆ ಜರ್ಕಿನ್, ವೇಲ್ ಕುತ್ತಿಗೆಗೆ ಸುತ್ತಿ. ಶರ್ಟ್ ತೊಡೆಗೆ ಬರುತ್ತಿದ್ದರೆ ತುದಿಗಳನ್ನ ಸೊಂಟದ ಹತ್ತಿರ ಗಂಟು ಹಾಕಿ. ನಾನು ತಮ್ಮನ ಶರ್ಟಿಗೆ ಹೀಗೇ ಮಾಡೋದು. ನಮ್ಮತ್ತೆ ಇವತ್ತಿಗೂ ಆ ಶರ್ಟ್ ನೋಡಿದರೆ ಮುಖ ತಿರುಗಿಸ್ತಾರೆ. ಹಾಕೋದು ಮಾತ್ರ ಬಿಟ್ಟಿಲ್ಲ.

ಶಿರಾಗೇಟ್ ಅಕ್ಕ: ಗಂಟು ಹಾಕಿದ್ರೆ ಆಫೀಸಲ್ಲಿ ಕಾಲೇಜು ಹುಡುಗಿ ಅಂತಾರೆ. ಕೋಟೇ ವಾಸಿ.

ಚಿಕ್ಕಬಳ್ಳಾಪುರ ಟೀಚರ್: ಅಂದರೆ ಅನ್ನಲಿ ಬಿಡಿ, ಒಳ್ಳೇದೇ ಆಯ್ತಲ್ಲ. ಅದಿರಲಿ, ಆ ಜರಿ ಪಟ್ಟಿ ಕೂರಿಸಿದ್ದು ಯಾರು? ಅದೇ ಟೈಲರ್ರಾ?

ಶಿರಾಗೇಟ್ ಅಕ್ಕ: ಅವನ ಕೈಗೆ ಮತ್ತೆ ಕೊಡ್ತೀನಾ? ಬೇರೆಯವರು, ಎಂಜಿ ರೋಡ್ ಹಿಂದಿನ ಗಲ್ಲಿ. ಹಬ್ಬದ ಬ್ಲೌಸ್‌ಗಳೇ ರಾಶಿ ಬಿದ್ದಿವೆ ಅವರ ಹತ್ತಿರ. ನನ್ನ ಎರಡನೇ ಸೀರೆ ಆಗೋವರೆಗೂ ಹೆಸರು ಹೇಳಲ್ಲ.